ಗೋಧಿ ಬಿಡುವ ಮೊದಲು ರಕ್ತ ಕೊಡಿ

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಮೇಲೆ ಅನುಮಾನ ಬಂದವರು ನಮ್ಮ ಲ್ಯಾಬಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಕೆಲಸ ಮುಗಿಸಿಯೇ ಬಂದಿರುತ್ತಾರೆ. ಗೋಧಿ ಬಿಟ್ಟಿರುತ್ತಾರೆ. "ಮೇಡಂ, ಚಪಾತಿ ಬಿಟ್ಟ ಮೇಲೆ ಹೊಟ್ಟೆ ಹಗುರ ಆಗಿದೆ. ಒಂದು ಟೆಸ್ಟ್ ಮಾಡಿಬಿಡಿ, ಗೊತ್ತಾಗಲಿ" ಅನ್ನುತ್ತಾರೆ. ಟೆಸ್ಟ್ ಮಾಡಬಹುದು. ದುಡ್ಡೂ ಹೋಗುತ್ತದೆ. ಆದರೆ ಆ ರಿಪೋರ್ಟನ್ನು ನಂಬುವ ಹಾಗಿಲ್ಲ. ಸೀಲಿಯಾಕ್ ಎಂಬ ಕಾಯಿಲೆಗೆ ಮಾಡುವ ಈ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ನನ್ನಲ್ಲ. ಗ್ಲುಟೆನ್ ಒಳಗೆ ಹೋಗುತ್ತಿರುವಾಗ ಈ ಕಾಯಿಲೆ ಇದ್ದವರ ಮೈ ತಯಾರಿಸುವ ಪ್ರತಿಕಾಯಗಳನ್ನು (ಆಂಟಿಬಾಡಿ). ತಿನ್ನುವುದು ನಿಂತರೆ ಅವೂ ನಿಧಾನಕ್ಕೆ ಇಳಿಯುತ್ತವೆ. ಆಮೇಲೆ ಕಾಯಿಲೆ ಇದ್ದರೂ ರಿಪೋರ್ಟ್ 'ನೆಗೆಟಿವ್' ಅಂತ ಬರಬಹುದು.

ಹಾಗಾಗಿ ಮೊದಲ ಮಾತು ಇದೇ: ಅನುಮಾನ ಬಂದ ದಿನ ಚಪಾತಿ ಬಿಡಬೇಡಿ. ರಕ್ತ ಕೊಟ್ಟು, ಬೇಕಾದರೆ ಪೈಪ್ ಇಳಿಸಿ ಕರುಳು ನೋಡುವ ಎಂಡೋಸ್ಕೋಪಿಯೂ ಮುಗಿದ ಮೇಲೆ ಬಿಡಿ.

ನಾನು ಸಾಗರದಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ರಕ್ತ ತೆಗೆಯುವುದು, ಸ್ಲೈಡ್ ನೋಡುವುದು, ನಮ್ಮಲ್ಲಿ ಆಗದ ಸ್ಯಾಂಪಲ್ಲನ್ನು ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ಔಷಧಿ ಹೇಳುವುದು ನನ್ನ ಕೆಲಸವಲ್ಲ. ಆದರೆ ಡಾಕ್ಟರ ಹತ್ತಿರ ಏನು ಕೇಳಬೇಕು, ಚೀಟಿಯಲ್ಲಿ ಯಾವ ಹೆಸರು ಇರಬೇಕು, ಯಾವ ರಿಪೋರ್ಟನ್ನು ಎಷ್ಟು ನಂಬಬೇಕು ಅನ್ನುವುದನ್ನು ಹೇಳಬಲ್ಲೆ. ನಮ್ಮ ಮನೆಯಲ್ಲೇ ಒಬ್ಬರಿಗೆ ಈ ಕಾಯಿಲೆ ಇರುವುದರಿಂದ ಸ್ವಲ್ಪ ಜಾಸ್ತಿಯೇ ಹೇಳಬಲ್ಲೆ.

ಅಕ್ಕಿ ತಿನ್ನುವ ನಮಗೂ ಬರುತ್ತಾ?

ಸೀಲಿಯಾಕ್ ಅಂದರೆ ಅಲರ್ಜಿ ಅಲ್ಲ. ಗೋಧಿ, ಜವೆಗೋಧಿ, ರೈ ಈ ಮೂರು ಧಾನ್ಯಗಳಲ್ಲಿ ಇರುವ ಗ್ಲುಟೆನ್ ಎಂಬ ಪ್ರೋಟೀನ್ ಕೆಲವರ ಮೈಯೊಳಗೆ ಹೋದಾಗ, ಅವರ ರೋಗನಿರೋಧಕ ಶಕ್ತಿ ಸ್ವಂತ ಸಣ್ಣ ಕರುಳಿನ ಮೇಲೆಯೇ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ವಿಲ್ಲೈ ಎಂಬ ಸಣ್ಣ ಸಣ್ಣ ಎಳೆಗಳಿರುತ್ತವೆ. ಮಳೆಗಾಲದಲ್ಲಿ ಜಂಬಿಟ್ಟಿಗೆ ಗೋಡೆಯ ಮೇಲೆ ದಪ್ಪಗೆ ಬೆಳೆಯುವ ಪಾಚಿಯ ಹಾಗೆ. ಊಟದ ಸಾರವನ್ನೆಲ್ಲ ಹೀರುವುದು ಅವೇ. ಸೀಲಿಯಾಕ್ ಇದ್ದವರಲ್ಲಿ ಅವು ಸವೆದು ಗೋಡೆ ಬೋಳಾಗುತ್ತದೆ. ಆಗ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ನು ಯಾವುದೂ ಸರಿಯಾಗಿ ಒಳಗೆ ಹೋಗುವುದಿಲ್ಲ.

ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ವಾಪಸ್ ಬಂತು, ಕಾಯಿಲೆಯೂ ವಾಪಸ್ ಬಂತು. ಡಿಕ್ ಅವರಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅದನ್ನೇ ಪ್ರಬಂಧವಾಗಿ ಬರೆದರು.

ಹಾಗಾದರೆ ಅನ್ನ, ಅಕ್ಕಿ ರೊಟ್ಟಿ, ಕಡುಬು ತಿನ್ನುವ ಮಲೆನಾಡಿನವರಿಗೆ ಇದು ಇರುವುದಿಲ್ಲ ಅಲ್ವಾ? ಕಡಿಮೆ ಇದೆ ಅನ್ನುವುದು ನಿಜ. 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಸೀಲಿಯಾಕ್ ಪ್ರತಿಕಾಯ ಕಂಡವರು ಉತ್ತರ ಭಾರತದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಮಾತ್ರ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕ ಇದೆ. ಈ ಕಾಯಿಲೆಗೆ ಬೇಕಾದ ವಂಶವಾಹಿ ಉತ್ತರದಲ್ಲಿ ಶೇ 38.1 ಜನರಿಗಿದ್ದರೆ ದಕ್ಷಿಣದಲ್ಲಿ ಶೇ 36.4 ಜನರಿಗಿದೆ. ಹೆಚ್ಚುಕಡಿಮೆ ಒಂದೇ! ಎದ್ದು ಕಾಣುವ ವ್ಯತ್ಯಾಸ ಇರುವುದು ತಟ್ಟೆಯಲ್ಲಿ. ಅವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ನಮ್ಮ ಕಡೆಯವರು 25 ಗ್ರಾಂ.

ಈಗ ನಮ್ಮ ತಟ್ಟೆ ನೋಡಿ. ಮನೆಯಲ್ಲಿ ಒಬ್ಬರಿಗೆ ಶುಗರ್ ಬಂದರೆ ಮನೆಮಂದಿಗೆಲ್ಲ ರಾತ್ರಿ ಚಪಾತಿ. ಸಂಜೆ ಚಹಾಕ್ಕೆ ರಸ್ಕು, ಖಾರ ಬನ್ನು. ಪೇಟೆಗೆ ಹೋದರೆ ಪರೋಟ, ಗೋಬಿ ಮಂಚೂರಿ. ಶಿವಮೊಗ್ಗದಲ್ಲಿ ಬಸ್ಸಿಗೆ ಕಾಯುವ ಅರ್ಧ ಗಂಟೆಯಲ್ಲಿ ಬೇಕರಿ ತಿಂಡಿ ಒಂದಾದರೂ ಹೊಟ್ಟೆಗೆ ಹೋಗುತ್ತದೆ. ವಂಶವಾಹಿ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆದರೆ 'ನಮ್ಮ ಕಡೆ ಇದೆಲ್ಲ ಇಲ್ಲ' ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ಹೊಟ್ಟೆ ಬಿಟ್ಟು ಬೇರೆ ಕಡೆ ಕಾಣುವ ಲಕ್ಷಣಗಳು

ಪುಸ್ತಕದಲ್ಲಿ ಇರುವ ಚಿತ್ರ ಎಂದರೆ ಹೊಟ್ಟೆ ಉಬ್ಬಿ, ಭೇದಿಯಾಗಿ, ಕೈಕಾಲು ಕಡ್ಡಿಯಾದ ಮಗು. ಅಂಥ ಮಗುವನ್ನು ಯಾರಾದರೂ ಡಾಕ್ಟರಿಗೆ ತೋರಿಸಿಯೇ ತೋರಿಸುತ್ತಾರೆ. ತಪ್ಪಿಹೋಗುವುದು ಉಳಿದವರು. ಭೇದಿಯೇ ಇಲ್ಲದವರು, ಕೆಲವೊಮ್ಮೆ ಮಲಬದ್ಧತೆಯೇ ಇರುವವರು, ಮೈ ದಪ್ಪ ಇರುವವರೂ ಇದರಲ್ಲಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಕ್ತಹೀನತೆ. ನನ್ನ ಅತ್ತಿಗೆಯದು ಇದೇ ಕಥೆ. ಹೊಸನಗರದ ಕಡೆಯವರು, ತೋಟದ ಕೆಲಸ ಗಟ್ಟಿಯಾಗಿ ಮಾಡುವವರು. ಹಿಮೋಗ್ಲೋಬಿನ್ ಎಂಟರ ಆಸುಪಾಸು ಬಿಟ್ಟು ಮೇಲೆ ಏಳುತ್ತಲೇ ಇರಲಿಲ್ಲ. ಕಬ್ಬಿಣದ ಮಾತ್ರೆ ತಿಂದರು, ಖರ್ಜೂರ ತಿಂದರು, ಬೀಟ್‌ರೂಟ್ ಕುಡಿದರು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ, ಅದಕ್ಕೇ ಇರಬೇಕು ಅಂದರು ಕೆಲವರು. ಬರಿಗಾಲಲ್ಲಿ ತೋಟಕ್ಕೆ ಹೋಗುತ್ತಾರೆ, ಕೊಕ್ಕೆಹುಳು ಇರುತ್ತದೆ ಅಂದರು ಇನ್ನು ಕೆಲವರು. ಎರಡೂ ಸುಳ್ಳು ಮಾತಲ್ಲ, ನಮ್ಮ ಕಡೆ ಹೆಂಗಸರಿಗೆ ರಕ್ತ ಕಡಿಮೆಯಾಗುವುದು ಹೆಚ್ಚಾಗಿ ಇವುಗಳಿಂದಲೇ. ಹುಳದ ಮಾತ್ರೆಯೂ ಆಯಿತು, ಸ್ತ್ರೀರೋಗ ತಜ್ಞರೂ ಆದರು. ಫೆರಿಟಿನ್ ನೋಡಿದರೆ ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಕೊನೆಗೆ ಒಬ್ಬ ಫಿಸಿಷಿಯನ್, "ಮಾತ್ರೆ ತಿಂದರೂ ಏರುತ್ತಿಲ್ಲ ಅಂದರೆ ಒಳಗೆ ಹೋಗುತ್ತಲೇ ಇಲ್ಲ ಅಂತ. ಕರುಳು ನೋಡೋಣ" ಅಂದರು.

ಆ ಮಾತನ್ನೇ ನೀವೂ ಇಟ್ಟುಕೊಳ್ಳಿ. ಮಾತ್ರೆಯನ್ನು ಸರಿಯಾಗಿ ತಿಂದೂ ಕಬ್ಬಿಣ ಏರದಿದ್ದರೆ ಸೀಲಿಯಾಕ್ ಟೆಸ್ಟ್ ಕೇಳಬೇಕು. 'ಸರಿಯಾಗಿ' ಅಂದರೆ ಕಾಫಿ ಚಹಾದ ಜೊತೆ ನುಂಗದೆ. ನಮ್ಮ ಮನೆಗಳಲ್ಲಿ ಮಾತ್ರೆ ಹೋಗುವುದೇ ಚಹಾದ ಲೋಟದ ಜೊತೆ, ಅದು ಕಬ್ಬಿಣವನ್ನು ತಡೆಯುತ್ತದೆ. ಮೊದಲು ಅದನ್ನು ತಿದ್ದಿ ನೋಡಿ. ಮುಟ್ಟು ನಿಂತ ಹೆಂಗಸರಿಗೆ ಅಥವಾ ಗಂಡಸರಿಗೆ ಕಬ್ಬಿಣ ಕಡಿಮೆಯಾದರೆ ಸುಮ್ನೆ ಮಾತ್ರೆ ತಿನ್ನುತ್ತಾ ಕೂರಬೇಡಿ. ಒಳಗೆ ಎಲ್ಲಾದರೂ ರಕ್ತ ಸೋರುತ್ತಿರಬಹುದು. ಹುಣ್ಣು, ಗಡ್ಡೆ, ಕ್ಯಾನ್ಸರ್ ಯಾವುದೂ ಆಗಬಹುದು. ಎಲ್ಲದಕ್ಕೂ ಗ್ಲುಟೆನ್ ಮೇಲೆ ಹೊರೆ ಹಾಕುವುದೂ ಅಪಾಯ.

ಮೈಕ್ರೋಸ್ಕೋಪ್ ಮುಂದೆ ಕೂರುವವರಿಗೆ ಒಂದು ಮಾತು. ಸೀಲಿಯಾಕ್ ಇರುವ ಕೆಲವರಲ್ಲಿ ಗುಲ್ಮದ (ಸ್ಪ್ಲೀನ್) ಕೆಲಸ ಕುಂದಿರುತ್ತದೆ. ಗುಲ್ಮ ತೆಗೆಸಿಕೊಂಡಿಲ್ಲದ ರೋಗಿಯ ರಕ್ತದ ಸ್ಮಿಯರಿನಲ್ಲಿ, ಕೆಂಪು ಕಣಗಳೊಳಗೆ ಹೋವೆಲ್-ಜಾಲಿ ಚುಕ್ಕೆಗಳು ಕಂಡರೆ ರಿಪೋರ್ಟಿನಲ್ಲಿ ಬರೆಯಿರಿ. ಓದುವ ಡಾಕ್ಟರಿಗೆ ಅದೊಂದು ಸುಳಿವು.

ಎರಡನೆಯದು ಚರ್ಮ. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಎರಡೂ ಕಡೆ ಒಂದೇ ಥರ ಸಣ್ಣ ನೀರುಗುಳ್ಳೆ, ತಡೆಯಲಾಗದ ತುರಿಕೆ. ಕೆರೆದು ಕೆರೆದು ಗುಳ್ಳೆ ಒಡೆದಿರುತ್ತದೆ, ಡಾಕ್ಟರಿಗೆ ಗಾಯ ಮಾತ್ರ ಕಾಣುತ್ತದೆ. ಡರ್ಮಟೈಟಿಸ್ ಹರ್ಪಿಟಿಫಾರ್ಮಿಸ್ ಅಂತ ಹೆಸರು. ಹೆಸರು ಹಾಗಿದ್ದರೂ ಸರ್ಪಸುತ್ತಿನ ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಸೀಲಿಯಾಕ್ ಚರ್ಮದಲ್ಲಿ ಕಾಣಿಸಿಕೊಳ್ಳುವ ರೂಪ. ಅಪರೂಪ ಹೌದು. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮೂರಲ್ಲಿ ಯಾರಿಗೆ ಕೈ ತುರಿಸಿದರೂ ಸಿಪ್ಪೆ, ಚೊಗರು, ಧೂಳು ಅಂತಲೇ ಆಗುತ್ತದೆ. ಅಡಿಕೆ ಸುಲಿಯುವ ಕೆಲಸದಿಂದ ಬಂದದ್ದಾದರೆ ಬೆರಳು, ಅಂಗೈ ಮೊದಲು ಹಾಳಾಗಬೇಕು. ಕುಂಡೆಗೇಕೆ ಬರಬೇಕು? ಸುಗ್ಗಿ ಮುಗಿದ ಮೇಲೂ ಏಕೆ ಉಳಿಯಬೇಕು? ಇದಕ್ಕೆ ಚರ್ಮದ ಬಯಾಪ್ಸಿ ಇದೆ. ಚೂರು ತೆಗೆಯಬೇಕಾದ್ದು ಗುಳ್ಳೆಯಿಂದಲ್ಲ, ಪಕ್ಕದ ಚೆನ್ನಾಗಿರುವ ಚರ್ಮದಿಂದ. ಅದರಲ್ಲಿ ಐಜಿಎ ಎಂಬ ಜಾತಿಯ ಪ್ರತಿಕಾಯ ಕೂತಿದೆಯಾ ಅಂತ ವಿಶೇಷ ವಿಧಾನದಲ್ಲಿ ನೋಡುತ್ತಾರೆ. ಡ್ಯಾಪ್ಸೋನ್ ಎಂಬ ಮಾತ್ರೆಗೆ ತುರಿಕೆ ಬೇಗ ಇಳಿಯುತ್ತದೆ. ಅದನ್ನು ಶುರು ಮಾಡುವ ಮೊದಲು ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಬೇಕು. ಕರುಳನ್ನು ಆ ಮಾತ್ರೆ ರಿಪೇರಿ ಮಾಡುವುದಿಲ್ಲ, ಗೋಧಿ ಬಿಡುವ ಪಥ್ಯ ತಪ್ಪುವುದಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಬಾಯಲ್ಲಿ ಪದೇ ಪದೇ ಹುಣ್ಣು. ಮಕ್ಕಳ ಕಾಯಂ ಹಲ್ಲಿನ ಎನಾಮಲ್ಲಿನಲ್ಲಿ ಗೀರು, ಗುಳಿ. ಎತ್ತರ ಬೆಳೆಯದ ಮಗು, ಮೈನೆರೆಯುವುದು ತಡವಾದ ಹುಡುಗಿ. ಕುಡಿಯುವ ಅಭ್ಯಾಸ ಇಲ್ಲದಿದ್ದರೂ ಏರಿರುವ ಎಸ್‌ಜಿಪಿಟಿ (ಲಿವರ್ ಪರೀಕ್ಷೆಯ ಒಂದು ಅಂಕಿ). ಚಿಕ್ಕ ವಯಸ್ಸಿಗೇ ಸವೆದ ಮೂಳೆ. ಮಕ್ಕಳಾಗದಿರುವುದು, ಮತ್ತೆ ಮತ್ತೆ ಗರ್ಭ ನಿಲ್ಲದಿರುವುದು. ಪಾದ ಜುಮುಗುಡುವುದು, ನಡಿಗೆ ತೂರಾಡುವುದು. ಇವಕ್ಕೆಲ್ಲ ಬೇರೆ ಸಾಮಾನ್ಯ ಕಾರಣಗಳಿವೆ, ಮೊದಲು ಅವನ್ನು ನೋಡಬೇಕು. ಪಾದ ಜುಮುಗುಟ್ಟಿದರೆ ಶುಗರ್ ಮತ್ತು ಬಿ12, ಎಸ್‌ಜಿಪಿಟಿ ಏರಿದರೆ ಕೊಬ್ಬಿನ ಲಿವರ್ ಮತ್ತು ಕಾಮಾಲೆ ವೈರಸ್ಸುಗಳು. ಕಾರಣ ಸಿಗದೆ ಉಳಿದಾಗ, ಅಥವಾ ಇವುಗಳಲ್ಲಿ ಎರಡು ಮೂರು ಒಬ್ಬರಲ್ಲೇ ಸೇರಿದಾಗ ಸೀಲಿಯಾಕ್ ನೆನಪಾಗಬೇಕು. ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳಿಗೆ ಲಕ್ಷಣವೇ ಇಲ್ಲದಿದ್ದರೂ ಈ ಪರೀಕ್ಷೆ ಮಾಡಿಸುವುದು ರೂಢಿ. ಥೈರಾಯ್ಡ್ ಮೇಲೆ ಮೈಯೇ ದಾಳಿ ಮಾಡುವ ಕಾಯಿಲೆ ಇದ್ದವರಲ್ಲೂ, ಡೌನ್ ಸಿಂಡ್ರೋಮ್ ಇರುವವರಲ್ಲೂ ಇದು ಹೆಚ್ಚು.

ಎಷ್ಟು ತಿಂದು ಬರಬೇಕು

ಇದನ್ನು ಎಲ್ಲರೂ ಮರೆಯುತ್ತಾರೆ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದು: ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರುವ ಆಹಾರ ತಿನ್ನುತ್ತಿರಬೇಕು. ಪಂಜಾಬಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾವು ಕೆಡಿಸಿಕೊಳ್ಳಬೇಕು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಅನ್ನುವ ಮನೆಯವರು ಗೋಧಿ ಬಿಟ್ಟಿಲ್ಲ ಅಂತ ಅಂದುಕೊಂಡಿರುತ್ತಾರೆ. ನಿಜವಾಗಿ ತಿಂದೇ ಇರುವುದಿಲ್ಲ. ಅದಕ್ಕೇ ನಾನು ಸೂಜಿ ಹಿಡಿಯುವ ಮೊದಲು "ಕಳೆದ ತಿಂಗಳು ಏನೇನು ತಿಂದಿರಿ" ಅಂತ ಕೇಳುತ್ತೇನೆ. ಕೆಲವರಿಗೆ ನಗು ಬರುತ್ತದೆ.

ಮಧ್ಯಮ ಗಾತ್ರದ ಒಂದು ಚಪಾತಿಯಲ್ಲಿ ಸುಮಾರು ಎರಡರಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ ಅಂದುಕೊಳ್ಳಿ. ಬೆಳಿಗ್ಗೆ ರವೆ ಉಪ್ಪಿಟ್ಟು, ರಾತ್ರಿ ಎರಡು ಚಪಾತಿ ತಿನ್ನುತ್ತಿದ್ದರೆ ಧಾರಾಳ ಆಯಿತು. ಈಗಾಗಲೇ ಗೋಧಿ ಬಿಟ್ಟವರು ಮತ್ತೆ ಶುರು ಮಾಡಬೇಕಾದರೆ ಡಾಕ್ಟರಿಗೆ ಹೇಳಿಯೇ ಶುರು ಮಾಡಬೇಕು. ತಡೆದುಕೊಳ್ಳಲು ಆಗದವರಿಗೆ ದಿನಕ್ಕೆ 3 ಗ್ರಾಂ ಗ್ಲುಟೆನ್ನಿನಂತೆ 2 ವಾರ ತಿನ್ನಿಸಿ ಪರೀಕ್ಷಿಸುವ ಕ್ರಮವೂ ಇದೆ. ಆಗುತ್ತದೆ ಅಂದರೆ 8 ವಾರದವರೆಗೂ ಒಯ್ಯುತ್ತಾರೆ. ಬಸುರಿಯರು, ಸಣ್ಣ ಮಕ್ಕಳು, ಗೋಧಿ ತಿಂದರೆ ಉಸಿರು ಕಟ್ಟುವವರು ಸ್ವಂತಕ್ಕೆ ಇದನ್ನು ಮಾಡಲೇಬಾರದು.

ಚೀಟಿಯಲ್ಲಿ ಏನಿರಬೇಕು

ಎರಡು ಹೆಸರು ಸಾಕು: ಸೀಲಿಯಾಕ್ ಪ್ರತಿಕಾಯ ಹುಡುಕುವ ಟಿಟಿಜಿ-ಐಜಿಎ, ಅದರ ಜೊತೆ ಮೈಯಲ್ಲಿರುವ ಒಟ್ಟು ಐಜಿಎ ಅಳೆಯುವ ಟೋಟಲ್ ಐಜಿಎ. ಎರಡನೆಯದನ್ನು ಬಿಟ್ಟ ಚೀಟಿಗಳೇ ನನ್ನ ಕೈಗೆ ಜಾಸ್ತಿ ಬರುವುದು. ಸೀಲಿಯಾಕ್ ಇರುವವರಲ್ಲಿ ಶೇ 2ರಿಂದ 3 ಜನರಿಗೆ ಮೈಯಲ್ಲಿ ಐಜಿಎ ಅನ್ನುವುದೇ ತೀರಾ ಕಡಿಮೆ. ಐಜಿಎಯೇ ಇಲ್ಲದವರಲ್ಲಿ ಐಜಿಎ ಜಾತಿಯ ಪ್ರತಿಕಾಯ ಹುಡುಕಿದರೆ ಎಲ್ಲಿಂದ ಸಿಗಬೇಕು? ಅಂಥವರಿಗೆ ಐಜಿಜಿ ಎಂಬ ಇನ್ನೊಂದು ಜಾತಿಯ ಪ್ರತಿಕಾಯ ಹುಡುಕುವ ಪರೀಕ್ಷೆಗಳಿವೆ, ಡಿಜಿಪಿ-ಐಜಿಜಿ ಅಥವಾ ಟಿಟಿಜಿ-ಐಜಿಜಿ.

ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ರಿಪೋರ್ಟ್ ಬಂದಾಗ ಬರೀ ಸಂಖ್ಯೆ ನೋಡಬೇಡಿ. ಒಂದೊಂದು ಕಿಟ್ಟಿಗೆ ಒಂದೊಂದು ಗಡಿ ಇರುತ್ತದೆ. ಪಕ್ಕದಲ್ಲಿ ಬರೆದಿರುವ ಮೇಲಿನ ಗಡಿಗಿಂತ ಎಷ್ಟು ಪಟ್ಟು ಹೆಚ್ಚಿದೆ ಅನ್ನುವುದು ಮುಖ್ಯ. ಗಡಿಗಿಂತ ಚೂರೇ ಚೂರು ಮೇಲಿದ್ದರೆ ಬೇರೆ ಕಾರಣಕ್ಕೂ ಇರಬಹುದು. ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿಸುವುದಾದರೆ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸಲು ಹೋಗಬೇಡಿ.

ಇನ್ನು ವಂಶವಾಹಿಯ ಪರೀಕ್ಷೆ, ಎಚ್‌ಎಲ್‌ಎ ಡಿಕ್ಯು2 ಮತ್ತು ಡಿಕ್ಯು8. ಇದಕ್ಕೆ ಗೋಧಿ ತಿಂದಿರಬೇಕಾದ ಕಟ್ಟುಪಾಡಿಲ್ಲ. ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಅಲ್ಲ ಅಂತ ಹೆಚ್ಚುಕಡಿಮೆ ತೀರ್ಮಾನಿಸಬಹುದು. ಇದೆ ಅಂತ ಬಂದರೆ ಏನೂ ಸಾಬೀತಾಗುವುದಿಲ್ಲ, ಮೇಲೆ ಹೇಳಿದ ಹಾಗೆ ದಕ್ಷಿಣದಲ್ಲೇ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅದಿದೆ. ನೂರಾರು ಆಹಾರಗಳ ಪಟ್ಟಿ ಕೊಟ್ಟು ಇದು ಬೇಡ ಅದು ಬೇಡ ಅನ್ನುವ ಐಜಿಜಿ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ. ಲ್ಯಾಬಿನವಳೇ ಹೀಗೆ ಹೇಳುತ್ತಿದ್ದೇನೆ.

ಪೈಪ್ ಹಾಕಿಸಿಕೊಳ್ಳುವುದು

ದೊಡ್ಡವರಲ್ಲಿ ರಕ್ತದ ರಿಪೋರ್ಟ್ ಪಾಸಿಟಿವ್ ಬಂದರೆ ಮುಂದಿನದು ಎಂಡೋಸ್ಕೋಪಿ. ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ, ಎಲ್ಲಿ ಅನುಕೂಲವೋ ಅಲ್ಲಿ. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು ಸಪೂರ ಪೈಪ್ ಇಳಿಸುತ್ತಾರೆ. ನೋವಿಗಿಂತ ವಾಕರಿಕೆ ಜಾಸ್ತಿ. ನೀವು ಒಂದು ವಿಷಯ ಮೊದಲೇ ಹೇಳಿರಬೇಕು: "ಸೀಲಿಯಾಕ್ ಅನುಮಾನ ಇದೆ, ಡುವೋಡಿನಮ್‌ನಿಂದ ಚೂರು ತೆಗೆಯಿರಿ." ಡುವೋಡಿನಮ್ ಅಂದರೆ ಸಣ್ಣ ಕರುಳು ಶುರುವಾಗುವ ಭಾಗ. ಸವೆದ ಕರುಳು ಕ್ಯಾಮೆರಾಕ್ಕೆ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ಸುಮ್ನೆ ನೋಡಿ 'ಗ್ಯಾಸ್ಟ್ರೈಟಿಸ್' ಅಂತ ಬರೆದು ಕಳಿಸಿದರೆ ಇನ್ನೊಂದು ಸಲ ಪೈಪ್ ನುಂಗಬೇಕು. ಸವೆತ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದಕ್ಕೇ ಡುವೋಡಿನಮ್‌ನ ಎರಡನೇ ಭಾಗದಿಂದ ಕನಿಷ್ಠ 4 ಚೂರು, ಮೊದಲ ಭಾಗದಿಂದ 1 ಅಥವಾ 2 ಚೂರು ತೆಗೆಯಬೇಕು ಅನ್ನುತ್ತಾರೆ. ರಿಪೋರ್ಟಿನಲ್ಲಿ ಮಾರ್ಷ್ 3 ಅಂತ ಇದ್ದರೆ ವಿಲ್ಲೈ ಸವೆದಿವೆ ಅಂತ ಅರ್ಥ.

ಮಕ್ಕಳ ವಿಷಯ ಬೇರೆ. ಯುರೋಪಿನ 2020ರ ಮಾರ್ಗಸೂಚಿಯ ಪ್ರಕಾರ ಟಿಟಿಜಿ ಮೇಲಿನ ಗಡಿಯ 10 ಪಟ್ಟು ದಾಟಿದ್ದು, ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯ ಪರೀಕ್ಷೆ ಕೂಡ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ತೀರ್ಮಾನಿಸಬಹುದು. ಅದನ್ನು ನಿರ್ಧರಿಸುವುದು ಮಕ್ಕಳ ಹೊಟ್ಟೆ ತಜ್ಞರು.

ನಮ್ಮ ಕಡೆಗೆ ಮುಖ್ಯವಾದ ಒಂದು ಎಚ್ಚರಿಕೆ. ಬಯಾಪ್ಸಿಯಲ್ಲಿ ವಿಲ್ಲೈ ಸವೆದಿದೆ ಅಂದ ಮಾತ್ರಕ್ಕೆ ಸೀಲಿಯಾಕ್ ಅಲ್ಲ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕಾಯಿಲೆ ಬಹಳ ಕಾಲದಿಂದ ಇದೆ, ಅದರಲ್ಲೂ ಹೀಗೇ ಕಾಣುತ್ತದೆ. ಅದಕ್ಕೆ ಔಷಧಿ ಆಂಟಿಬಯೋಟಿಕ್ ಮತ್ತು ಫೋಲಿಕ್ ಆಸಿಡ್. ಜಿಯಾರ್ಡಿಯಾ ಪರಾವಲಂಬಿಯೂ ಇದೇ ಥರ ಆಟ ಆಡಿಸಬಹುದು. ಬಿಪಿಗೆ ಕೊಡುವ ಒಲ್ಮೆಸಾರ್ಟನ್ ಮಾತ್ರೆಯಿಂದ ಕೆಲವರಿಗೆ ಥೇಟ್ ಸೀಲಿಯಾಕ್ ಹಾಗೇ ಕರುಳು ಸವೆಯುವುದುಂಟು. ಆದ್ದರಿಂದ ರಕ್ತದ ರಿಪೋರ್ಟ್ ನೆಗೆಟಿವ್, ಬಯಾಪ್ಸಿ ಮಾತ್ರ ಸವೆದಿದೆ ಅಂತ ಬಂದರೆ, ತಿನ್ನುತ್ತಿರುವ ಮಾತ್ರೆಗಳ ಚೀಟಿಯನ್ನೆಲ್ಲ ಹಿಡಿದುಕೊಂಡು ಡಾಕ್ಟರ ಮುಂದೆ ಕೂತು ಕೇಳಿ.

ಎಲ್ಲ ನೆಗೆಟಿವ್, ಆದರೂ ಚಪಾತಿ ಆಗುವುದಿಲ್ಲ

ಇಂಥವರೇ ಜಾಸ್ತಿ. ಇದರಲ್ಲಿ ಎರಡು ಬಗೆ. ತಿಂದ ಸ್ವಲ್ಪ ಹೊತ್ತಿಗೆ ಪಿತ್ತದ ಗಂದೆ, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಅದು ಗೋಧಿ ಅಲರ್ಜಿ. ಅದಕ್ಕೆ ಐಜಿಇ ಪರೀಕ್ಷೆ ಬೇರೆಯೇ ಇದೆ. ಕೆಲವರಿಗೆ ಗೋಧಿ ತಿಂದು ಓಡಿದರೆ, ಮೈಮುರಿದು ಕೆಲಸ ಮಾಡಿದರೆ ಮಾತ್ರ ಬರುತ್ತದೆ. ಇದು ತಮಾಷೆಯ ವಿಷಯ ಅಲ್ಲ, ಜೀವಕ್ಕೇ ಅಪಾಯ ಆಗಬಹುದು.

ಇನ್ನೊಂದು ಬಗೆ ಹೊಟ್ಟೆ ಉಬ್ಬರ, ತಲೆ ಭಾರ, ಸುಸ್ತು. ಇದಕ್ಕೆ ಸೀಲಿಯಾಕ್ ಅಲ್ಲದ ಗ್ಲುಟೆನ್ ಸೂಕ್ಷ್ಮತೆ ಅನ್ನುತ್ತಾರೆ. ಇದಕ್ಕೆ ರಕ್ತದ ಪರೀಕ್ಷೆ ಇಲ್ಲ. ಇದೆ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಉಳಿದೆರಡು ಅಲ್ಲ ಅಂತ ಖಾತ್ರಿಯಾದ ಮೇಲೆ ಬಿಟ್ಟು ನೋಡಿ, ಮತ್ತೆ ತಿಂದು ನೋಡಿ ತಿಳಿಯಬೇಕು. ಅದೂ ತಿನ್ನುವವರಿಗೆ ಯಾವುದರಲ್ಲಿ ಗ್ಲುಟೆನ್ ಇದೆ ಅಂತ ಗೊತ್ತಾಗದ ಹಾಗೆ ಕೊಟ್ಟರೆ ಮಾತ್ರ ಸರಿಯಾಗಿ ತಿಳಿಯುತ್ತದೆ. ಹಾಗೆ ಮಾಡಿದ 2018ರ ಒಂದು ನಾರ್ವೆ ಅಧ್ಯಯನದಲ್ಲಿ ಜನರಿಗೆ ಹೆಚ್ಚು ತೊಂದರೆ ಕೊಟ್ಟದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್ ಎಂಬ ಸಕ್ಕರೆ ಜಾತಿಯ ವಸ್ತು. ಅದು ಗೋಧಿಯಲ್ಲೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ನಮ್ಮ ಅಜ್ಜಿಯ ಅಡುಗೆಗೆ ಆ ಎರಡೂ ಹೋಗುತ್ತಿರಲಿಲ್ಲ. ಕಾರಣ ಮಡಿ, ಆದರೆ ಹೊಟ್ಟೆ ಉಬ್ಬರದವರು ಅವಳ ಮನೆಯಲ್ಲಿ ಸುಖವಾಗಿ ಇರುತ್ತಿದ್ದರೇನೋ.

ಪಾಸಿಟಿವ್ ಅಂತ ತೀರ್ಮಾನವಾದ ಮೇಲೆ

ಮಲೆನಾಡಿನ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ರೊಟ್ಟಿ, ಕಡುಬು, ಒತ್ತುಶ್ಯಾವಿಗೆ, ಅಕ್ಕಿಯಲ್ಲೇ ಮಾಡಿದ ತೊಡದೇವು, ರಾಗಿ ಅಂಬಲಿ ಎಲ್ಲ ಸರಿ. ಮೋಸ ಮಾಡುವವು ಬೇರೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಎಷ್ಟೋ ಸಲ ಮೈದಾ ಬೆರೆತಿರುತ್ತದೆ, ಲೇಬಲ್ ಓದಿ. ಹಾರ್ಲಿಕ್ಸ್ ಥರದ ಮಾಲ್ಟ್ ಪುಡಿಗಳಲ್ಲಿ ಜವೆಗೋಧಿ ಇರುತ್ತದೆ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಅಣ್ಣನ ಕೈಗೆ ದಾಟಿಸುತ್ತಾರೆ. ಯಾರೂ ಏನೂ ಅಂದಿಲ್ಲ. ಗೋಧಿ ಬೀಸಿದ ಗಿರಣಿಯಲ್ಲೇ ಅಕ್ಕಿ ಬೀಸಿದರೂ ಹಿಟ್ಟು ಬೆರೆಯುತ್ತದೆ, ಮನೆಯ ಮಿಕ್ಸಿ ಒಳ್ಳೆಯದು. ಪ್ಯಾಕೆಟ್ಟಿನ ಮೇಲೆ 'ಗ್ಲುಟೆನ್ ಫ್ರೀ' ಅಂತ ಇದ್ದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅಂತ ನಮ್ಮ ದೇಶದ ನಿಯಮ. ಇದು ಜೀವನಪೂರ್ತಿ ಪಥ್ಯ. ಹಬ್ಬಕ್ಕೊಂದು ಹೋಳಿಗೆ ಅನ್ನುವ ರಿಯಾಯಿತಿ ಇಲ್ಲ.

ಆರು ತಿಂಗಳು ಬಿಟ್ಟು ಟಿಟಿಜಿ ಮತ್ತೆ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ. ಇಳಿಯುತ್ತಿದ್ದರೆ ಸರಿ. ಒಂದೇ ಸಲಕ್ಕೆ ಗಡಿಯೊಳಗೆ ಬರಲಿಲ್ಲ ಅಂತ ಗಾಬರಿ ಬೇಡ, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಜೊತೆಗೆ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್. ದೊಡ್ಡವರಿಗೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕೋ ಅಂತ ಡಾಕ್ಟರನ್ನು ಕೇಳಿ. ಅತ್ತಿಗೆಯ ಹಿಮೋಗ್ಲೋಬಿನ್ ಅದೇ ಕಬ್ಬಿಣದ ಮಾತ್ರೆಯಲ್ಲೇ ಏರಿತು, ಚಪಾತಿ ನಿಂತ ಮೇಲೆ.

ಕೊನೆಯದಾಗಿ ಮನೆಯವರು. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದು. ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿಸಬೇಕು. ಅತ್ತಿಗೆಯ ಮಗನದು ನೆಗೆಟಿವ್ ಬಂತು. ಮಗಳ ಟಿಟಿಜಿ ಗಡಿ ದಾಟಿದೆ, ಮುಂದಿನ ಪರೀಕ್ಷೆ ಆಗಬೇಕು. ಅವಳ ಊಟದ ಡಬ್ಬಿಗೆ ಸದ್ಯಕ್ಕೆ ಚಪಾತಿಯನ್ನೇ ಹಾಕಿ ಕಳಿಸುತ್ತಿದ್ದೇವೆ. ಮಗನಿಗೆ ಈ ಸಲ ನೆಗೆಟಿವ್ ಅಂದರೆ ಮುಂದೆಯೂ ಬರುವುದಿಲ್ಲ ಅಂತ ಅಲ್ಲ. ಅವನಿಗೆ ಒಮ್ಮೆ ಎಚ್‌ಎಲ್‌ಎ ಮಾಡಿಸಿದರೆ, ಆ ವಂಶವಾಹಿ ಇಲ್ಲ ಅಂತ ಬಂದರೆ ಮತ್ತೆ ಮತ್ತೆ ಚುಚ್ಚುವುದು ತಪ್ಪುತ್ತದೆ.